ಎಡಗಾಲಿಗೊಂದು, ಬಲಗಾಲಿಗೊಂದು

ಜಿಮ್‌ಗೆ ಸೇರಿದ ಮೊದಲ ವಾರವೇ ಕಿವಿಗೆ ಬೀಳುವ ಹೆಸರುಗಳು ಎರಡು. ಬಿಡುವಿಲ್ಲದೆ ಎತ್ತುವ ಒಂದು ಸರದಿಯೇ ಸೆಟ್; ಸೆಟ್‌ನಿಂದ ಸೆಟ್‌ಗೆ ಭಾರ ಏರಿಸುತ್ತ ಹೋದರೆ ಪಿರಮಿಡ್. ತೋಳು ನಡುಗಿ ಇನ್ನೊಂದು ಸಲ ಎತ್ತಲು, ಅಂದರೆ ಇನ್ನೊಂದು ರೆಪ್ ಮಾಡಲು, ಆಗದು ಎನ್ನುವಾಗ ಡಂಬೆಲ್ ಕೆಳಗಿಟ್ಟು, ಉಸಿರು ಸುಧಾರಿಸಿಕೊಳ್ಳುವ ಮೊದಲೇ ಹಗುರವಾದದ್ದನ್ನು ಎತ್ತಿ ಮುಂದುವರಿಸಿದರೆ ಡ್ರಾಪ್ ಸೆಟ್. ಇವುಗಳ ಮುಂದೆ ಒಂದೇ ಭಾರದಲ್ಲಿ ಮೂರು ಸೆಟ್ ಮುಗಿಸುವವನು ಹಳೇ ಕಾಲದವನಂತೆ ಕಾಣುತ್ತಾನೆ. ಮಾಂಸಖಂಡಕ್ಕೆ ಮಾತ್ರ ಈ ಹೆಸರುಗಳ ಹಂಗಿಲ್ಲ. ಬ್ರೆಜಿಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಯಾಮದ ರೂಢಿಯಿದ್ದ 32 ಗಂಡಸರಿದ್ದರು. ಪ್ರತಿಯೊಬ್ಬರ ಒಂದು ಕಾಲಿಗೆ ಮಾಮೂಲಿ ಸೆಟ್, ಇನ್ನೊಂದಕ್ಕೆ ಪಿರಮಿಡ್ ಇಲ್ಲವೇ ಡ್ರಾಪ್ ಸೆಟ್. ಊಟ, ನಿದ್ದೆ, ವಂಶಗುಣ ಎರಡೂ ಕಾಲಿಗೆ ಒಂದೇ, ಜಾಣ ಉಪಾಯ. ಎತ್ತಿದ ಒಟ್ಟು ಭಾರವನ್ನೂ ಸರಿದೂಗಿಸಿದ್ದರು. 12 ವಾರಗಳ ನಂತರ ತೊಡೆಯ ಸ್ನಾಯು ಮೂರೂ ಬಗೆಯಲ್ಲಿ ಬೆಳೆದದ್ದು ಹೆಚ್ಚುಕಡಿಮೆ ಒಂದೇ ಅಳತೆ, ಶೇ 7ರಿಂದ 8ರೊಳಗೆ.

ಹಾಗಾದರೆ ಡ್ರಾಪ್ ಸೆಟ್‌ನಲ್ಲಿ ಅಷ್ಟೊಂದು ಉರಿಯುವುದು, ತೋಳು ಉಬ್ಬುವುದು ಸುಳ್ಳೇ? ಸುಳ್ಳಲ್ಲ, ಆದರೆ ಉಬ್ಬು ರಕ್ತ, ನೀರು ತುಂಬಿದ್ದರಿಂದ ಆದದ್ದು. ಮನೆ ಸೇರಿ ಸ್ವಲ್ಪ ಹೊತ್ತಿಗೆಲ್ಲ ಇಳಿದಿರುತ್ತದೆ. ಸ್ನಾಯುವನ್ನು ಬೆಳೆಸುವುದು ಮುಖ್ಯವಾಗಿ ಅದರ ಮೇಲೆ ಬೀಳುವ ಎಳೆತ. ಸೆಟ್‌ನ ಕೊನೆಯ ಕಷ್ಟದ ರೆಪ್‌ಗಳಲ್ಲಿ, ಅಲ್ಲಿಯವರೆಗೆ ಸುಮ್ಮನಿದ್ದ ದೊಡ್ಡ ತಂತುಗಳೂ ಕೆಲಸಕ್ಕಿಳಿಯುತ್ತವೆ. ಆ ಹಂತ ಮುಟ್ಟಲು ದಾರಿ ಯಾವುದಾದರೂ ಆದೀತು. ಡ್ರಾಪ್ ಸೆಟ್‌ನ ನಿಜವಾದ ಲಾಭ ಸಮಯದ್ದು, ನಡುವೆ ಕೂರುವ ನಿಮಿಷಗಳು ಉಳಿಯುತ್ತವೆ.

ಬಲದ ಲೆಕ್ಕ ಬೇರೆ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಅಮೆರಿಕದಲ್ಲಿ 2014ರ ಒಂದು ಅಧ್ಯಯನ ಹೆಚ್ಚು ಭಾರದ ಮೂರು ರೆಪ್‌ಗಳ ಏಳು ಸೆಟ್‌ಗಳನ್ನು, ಹತ್ತು ರೆಪ್‌ಗಳ ಮೂರು ಸೆಟ್‌ಗಳೊಂದಿಗೆ ಹೋಲಿಸಿತು. ತೋಳಿನ ಸ್ನಾಯು ಎರಡರಲ್ಲೂ ಒಂದೇ ರೀತಿ ದಪ್ಪವಾಯಿತು. ಬಲ ಮಾತ್ರ ಹೆಚ್ಚು ಭಾರ ಎತ್ತಿದವರಲ್ಲಿ ಇನ್ನೂ ಜಾಸ್ತಿ ಬೆಳೆಯಿತು. ಅದಕ್ಕೆ ಅವರು ತೆತ್ತದ್ದು ಪ್ರತಿ ಸಲ ಸುಮಾರು 70 ನಿಮಿಷ, ಇನ್ನೊಂದು ಗುಂಪಿಗೆ ಸಾಕಾದದ್ದು 17.

ಅಂದಹಾಗೆ ಆ ‘ಹಳೇ ಕಾಲದ’ ಮೂರು ಸೆಟ್ ಹುಟ್ಟಿದ್ದು ಗಾಯಾಳು ಸೈನಿಕರ ಆರೈಕೆಯಲ್ಲಿ. ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಮೊದಲು ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದರು. 1948ರ ಹೊತ್ತಿಗೆ ಅದನ್ನು ಮೂರಕ್ಕಿಳಿಸಿದರು: ಅರ್ಧ ಭಾರ, ಮುಕ್ಕಾಲು, ಪೂರ್ತಿ. ಅಂದರೆ ಅದೂ ಪಿರಮಿಡ್ಡೇ. 1951ರಲ್ಲಿ ಆಕ್ಸ್‌ಫರ್ಡ್‌ನ ವೈದ್ಯರೊಬ್ಬರು ಅದನ್ನೇ ತಲೆಕೆಳಗು ಮಾಡಿ, ಪೂರ್ತಿ ಭಾರದಿಂದ ಶುರುಮಾಡಿಸಿದರು.