ಹಾಡಿಯ ಕಾಸರಕ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಾಡಿಗಳಲ್ಲಿ ಕಾಸರಕದ ಮರವನ್ನು ಕಾಣದವರು ವಿರಳ. ಎದುರುಬದುರಾಗಿ ಹುಟ್ಟುವ ನುಣುಪಾದ ಎಲೆ, ಎಲೆಯ ಬುಡದಿಂದಲೇ ಹೊರಡುವ ಮೂರೋ ಐದೋ ನರಗಳು, ಕಿತ್ತಳೆಯ ಬಣ್ಣಕ್ಕೆ ತಿರುಗುವ ದುಂಡು ಹಣ್ಣು, ಅದರೊಳಗೆ ರೇಷ್ಮೆಯಂತಹ ರೋಮವನ್ನು ಹೊದ್ದ ಗುಂಡಿಯಾಕಾರದ ಬೀಜ ಇವು ಅದರ ಗುರುತುಗಳು. ಸಂಸ್ಕೃತದಲ್ಲಿ ಇದಕ್ಕೆ ವಿಷತಿಂದುಕ, ಕುಪೀಲು, ಕಾರಸ್ಕರ ಎಂಬ ಹೆಸರುಗಳುಂಟು. ಮರದ ಹೆಸರಾದಾಗ ಮಾತ್ರವೇ ಕಾರಸ್ಕರದ ನಡುವೆ ಸಕಾರವು ಬರುವುದೆಂದು ವೈಯಾಕರಣರ ಮತ. ಆಯುಷ್ಯದ ಬಹುಭಾಗವನ್ನು ಪಾಠ ಹೇಳಿಯೇ ಕಳೆದವನ ಬಾಯಿಗೆ ಇಂತಹ ಮಾತು ಬಂದರೆ ವಾಚಕರು ಕ್ಷಮಿಸಬೇಕು.

ಈ ಮರದ ಬೀಜದಲ್ಲಿಯೂ ತೊಗಟೆಯಲ್ಲಿಯೂ ಘೋರವಾದ ವಿಷವಿರುವುದು. 1818ರಲ್ಲಿ ಫ್ರಾನ್ಸಿನ ಪೆಲ್ಲೆತಿಯೇ, ಕಾವೆಂತು ಎಂಬ ಪಂಡಿತರು ಈ ಜಾತಿಯ ಬೀಜಗಳಿಂದ ಸ್ಟ್ರಿಕ್ನೀನನ್ನು ಬೇರ್ಪಡಿಸಿದರು. ವಿಷವೇರಿದವನ ದವಡೆ ಬಿಗಿಯುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಕೊನೆಗೆ ಉಸಿರೇ ನಿಲ್ಲುವುದು. ಅಷ್ಟರವರೆಗೂ ಅವನಿಗೆ ಪ್ರಜ್ಞೆ ಇರುತ್ತದೆಂಬುದೇ ಅತಿ ದಾರುಣವಾದ ಸಂಗತಿ.

ಇದೇ ಬೀಜವು ಹೋಮಿಯೋಪತಿಯಲ್ಲಿ ನಕ್ಸ್ ವೋಮಿಕಾ. ಜರ್ಮನಿಯ ಹಾನೆಮನ್ನನು ಬಳಕೆಗೆ ತಂದ ಈ ಮದ್ದನ್ನು ಅಜೀರ್ಣ, ಮಲಬದ್ಧತೆ, ಸಿಡುಕುಗಳಿಗೆ ಕೊಡುವರು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರರು ಬಡವರಿಗಾಗಿ ಔಷಧಾಲಯವನ್ನು ತೆರೆದಂದಿನಿಂದ ಈ ಸಿಹಿಗುಳಿಗೆಗಳು ನಮ್ಮ ಕರಾವಳಿಗೆ ಹೊಸತಲ್ಲ. ಮೂವತ್ತನೆಯ ಶಕ್ತಿಯೆಂದರೆ ನೂರಕ್ಕೊಂದು ಪಾಲಿನಂತೆ ಮೂವತ್ತು ಬಾರಿ ತೆಳುಗೊಳಿಸಿದ್ದು. ಹನ್ನೆರಡು ಬಾರಿ ದಾಟುವಷ್ಟರಲ್ಲಿಯೇ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವ ಸಂಭವ ಕಡಿಮೆ. ಗುಣದ ಮಾತೆಂದರೆ, ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿಯು 2015ರಲ್ಲಿ ಅನೇಕ ಪರೀಕ್ಷೆಗಳನ್ನು ಪರಾಮರ್ಶಿಸಿ, ಹೋಮಿಯೋಪತಿಯು ಯಾವ ರೋಗಕ್ಕೂ ಫಲಕಾರಿಯೆನ್ನಲು ನಂಬತಕ್ಕ ಪ್ರಮಾಣವಿಲ್ಲವೆಂದಿತು. ಗುಳಿಗೆಯಿಂದ ಗುಣ ಕಂಡೆವೆನ್ನುವವರೊಡನೆ ನಾನು ಜಗಳಕ್ಕೆ ಹೋಗೆನು. ಆದರೆ "ಮಗುವಿಗೂ ಕೊಡುವ ಮದ್ದಿನ ಮರವಲ್ಲವೇ, ಅದರಿಂದೇನು ಕೇಡು?" ಎಂದು ಒಬ್ಬ ಗೃಹಸ್ಥರು ಕೇಳಿದಾಗ ನನ್ನ ಎದೆ ನಡುಗಿತು. ಗುಳಿಗೆಯು ನಿರಪಾಯವಾದುದು ಅದರಲ್ಲಿ ಕಾಸರಕವು ಉಳಿದಿಲ್ಲದ ಕಾರಣದಿಂದಲೇ ಹೊರತು ಕಾಸರಕವು ಸೌಮ್ಯವೆಂದಲ್ಲ.

ನಡುಗಲು ಬೇರೆ ಕಾರಣವೂ ಉಂಟು. ಆಸಾಡಿ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲೇ ಹಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವುದು ನಮ್ಮಲ್ಲಿಯ ರೂಢಿ. ಹಾಲೆಯೂ ಕಾಸರಕವೂ ಒಂದೇ ಹಾಡಿಯಲ್ಲಿ ಬೆಳೆಯುವುವು. ಕತ್ತಲೆಯಲ್ಲಿ ಮರ ತಪ್ಪಿ ಪ್ರಾಣಕ್ಕೆ ಎರವಾದವರ ವಾರ್ತೆಗಳು ಕರಾವಳಿಯಲ್ಲಿ ಕೇಳಿಬಂದಿವೆ. ಕಷಾಯ ಕುಡಿದವರಿಗೆ ಮೈ ಸೆಟೆಯತೊಡಗಿದರೆ ವಾಂತಿ ಮಾಡಿಸುವ ಗೋಜಿಗೆ ಹೋಗದೆ, ಗದ್ದಲವೆಬ್ಬಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸದ್ದಿಗೂ ಸ್ಪರ್ಶಕ್ಕೂ ಸೆಳೆತವು ಹೆಚ್ಚುವುದು.

ಹಾಲೆಯ ಎಲೆಗಳು ಕೊಂಬೆಯ ಸುತ್ತ ಏಳರಷ್ಟು ಒಟ್ಟಾಗಿರುವುವು, ಚಿವುಟಿದರೆ ಹಾಲು ಬರುವುದು. ಕಾಸರಕದಲ್ಲಿ ಹಾಲಿಲ್ಲ. ನಮ್ಮ ತೀರ್ಥರೂಪರು ಚತುರ್ದಶಿಯ ಹಗಲಿನಲ್ಲಿಯೇ ಹಾಡಿಗೆ ಹೋಗಿ, ಎಲೆಯನ್ನು ಎಣಿಸಿ, ಹಾಲನ್ನು ಕಂಡ ಮೇಲೆ ಕಾಂಡಕ್ಕೆ ಬಾಳೆಯ ನಾರನ್ನು ಕಟ್ಟಿ ಬರುತ್ತಿದ್ದರು. ಮರುದಿನ ಕತ್ತಲೆಯಲ್ಲಿ ಆ ನಾರು ಕೈಗೆ ಸಿಕ್ಕದಿದ್ದರೆ ಆ ವರ್ಷ ನಮ್ಮ ಮನೆಯಲ್ಲಿ ಕಷಾಯವೇ ಇರುತ್ತಿರಲಿಲ್ಲ.