ಪಟ್ಟಿ ತುಂಬಿದ ಊರಿಗೆ ಪುರಸ್ಕಾರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಬೆಳಗಾಗುವುದೇ ಒಂದು ಪ್ರಶ್ನೆಯಿಂದ: “ನಳಾ ಬಂತೇನ್ರೀ?” ಇದಕ್ಕೆ ಖಚಿತ ಉತ್ತರ ಗೊತ್ತಿರುವುದು ಊರಿಗೆ ಒಬ್ಬನಿಗೆ. ಉದ್ದನೆಯ ಕಬ್ಬಿಣದ ಚಾವಿ ಹಿಡಿದು ನಸುಕಿನಲ್ಲೇ ಓಣಿಯಿಂದ ಓಣಿಗೆ ತಿರುಗುವ ವಾಟರ್‌ಮನ್‌ಗೆ. ಸರ್ಕಾರಿ ಕಾಗದದಲ್ಲಿ ಅವನು ನೀರಗಂಟಿ, ಜನರ ಬಾಯಲ್ಲಿ ‘ನೀರ ಬಿಡಾಂವ’. ಗುಂಡಿಯ ಮೇಲಿನ ಪರಸಿಕಲ್ಲು ಸರಿಸುತ್ತಾನೆ, ಚಾವಿಯನ್ನು ವಾಲ್ವಿನ ತಲೆಗೆ ಕೂಡಿಸುತ್ತಾನೆ, ಮೈಭಾರವನ್ನೆಲ್ಲ ಹಾಕಿ ತಿರುವುತ್ತಾನೆ. ಮೊದಲು ನಳದಲ್ಲಿ ಗಾಳಿ ಬುಸುಗುಡುತ್ತದೆ, ಆಮೇಲೆ ಸ್ವಲ್ಪ ಕೆಂಪು ನೀರು, ಆಮೇಲೆ ತಿಳಿನೀರು. ಏರಿನ ಮೇಲಿನ ಓಣಿಗೆ ಎಷ್ಟು ಹೊತ್ತು, ಇಳಿಜಾರಿನ ಓಣಿಗೆ ಎಷ್ಟು ಹೊತ್ತು, ಯಾರ ಮನೆಯಲ್ಲಿ ಇವತ್ತು ಲಗ್ನ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲೇ ಇರುತ್ತದೆ.

ಅದೇ ಊರಿನ ಗ್ರಾಮ ಪಂಚಾಯತಿ ಕಚೇರಿಗೆ ಹೋದರೆ, ಗಾಂಧೀಜಿ ಮತ್ತು ಅಂಬೇಡ್ಕರ್ ಅವರ ಭಾವಚಿತ್ರಗಳ ಆಸುಪಾಸಿನಲ್ಲಿ ಕೆಲವು ಕಡೆ ಒಂದು ಪ್ರಶಸ್ತಿ ಪತ್ರವೂ ತೂಗುಹಾಕಿರುತ್ತದೆ: ಗಾಂಧಿ ಗ್ರಾಮ ಪುರಸ್ಕಾರ. ನೀರು ಬಿಡುವವನ ಬೆಳಗಿನ ಲೆಕ್ಕಕ್ಕೂ ಗೋಡೆಯ ಮೇಲಿನ ಈ ಚೌಕಟ್ಟಿಗೂ ಏನು ನಂಟು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಾಗಬೇಕಾದ ಸಂಗತಿ ಅದು. ಸಿನಿಮಾ, ಸಾಹಿತ್ಯದ ಪ್ರಶಸ್ತಿಗಳ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ನೀರು, ದೀಪ, ಚರಂಡಿ, ಕಸ ಎಂಬ ನಾಲ್ಕು ಮಾತಿನ ಸುತ್ತ ಸುತ್ತುವ ಈ ಪುರಸ್ಕಾರಕ್ಕೆ ಜಿಲ್ಲಾ ಪುಟದಲ್ಲಿ ಒಂದು ಕಾಲಮ್ಮು ಸಿಕ್ಕರೆ ಹೆಚ್ಚು.

ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಈ ಪುರಸ್ಕಾರವನ್ನು 2013-14ರಿಂದ ಕೊಡುತ್ತ ಬಂದಿದೆ. ತಾಲ್ಲೂಕಿಗೆ ಒಂದು ಪಂಚಾಯತಿ, ಜೊತೆಗೆ 5 ಲಕ್ಷ ರೂಪಾಯಿ. ಅಕ್ಟೋಬರ್ 2ರ ಗಾಂಧಿ ಜಯಂತಿಯ ಹೊತ್ತಿಗೆ ಪಟ್ಟಿ ಹೊರಬೀಳುವುದು ವಾಡಿಕೆ. ಪಂಚಾಯತಿಗಳು ಮೊದಲು ಪ್ರಶ್ನಾವಳಿಯೊಂದಕ್ಕೆ ಉತ್ತರ ತುಂಬಬೇಕು, ಉತ್ತರಕ್ಕೆ ತಕ್ಕಂತೆ ಅಂಕ ಬೀಳುತ್ತದೆ. ಹೆಚ್ಚು ಅಂಕ ಬಂದ ಪಂಚಾಯತಿಗಳಿಗೆ ಪರಿಶೀಲನಾ ತಂಡ ಹೋಗಿ ಬರೆದದ್ದು ನಿಜವೇ ಎಂದು ಕಣ್ಣಾರೆ ನೋಡುತ್ತದೆ. ಅಲ್ಲಿಂದ ಜಿಲ್ಲಾ ಪಂಚಾಯತಿ, ಅಲ್ಲಿಂದ ಬೆಂಗಳೂರು.

ಕೇಳುವ ಪ್ರಶ್ನೆಗಳು ದೊಡ್ಡ ಮಾತಿನವಲ್ಲ. ಗ್ರಾಮಸಭೆ, ವಾರ್ಡ್ ಸಭೆ ನಡೆದವೇ? ಸ್ಥಾಯಿ ಸಮಿತಿಗಳು ಕೂಡಿದವೇ? ಉದ್ಯೋಗ ಖಾತ್ರಿಯಲ್ಲಿ ಎಷ್ಟು ಮಾನವ ದಿನ ಕೆಲಸ ಕೊಟ್ಟಿರಿ? ಕಸ ಎತ್ತುವ ಗಾಡಿ ಓಡುತ್ತದೆಯೇ? ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟಿರಾ? ಈ ಎಲ್ಲದರ ನಡುವೆ ಒಂದು ಪ್ರಶ್ನೆ ನನ್ನ ದೃಷ್ಟಿಯಲ್ಲಿ ಉಳಿದವಕ್ಕಿಂತ ಭಾರವಾದದ್ದು: ಮನೆಪಟ್ಟಿ, ನೀರಪಟ್ಟಿ ಎಷ್ಟು ವಸೂಲಾಯಿತು?

ಈ ಭಾಗದಲ್ಲಿ ತೆರಿಗೆಗೆ ‘ಪಟ್ಟಿ’ ಎನ್ನುತ್ತಾರೆ, ಕಟ್ಟುವುದಕ್ಕೆ ‘ಪಟ್ಟಿ ತುಂಬುದು’. ಬಿಲ್ ಕಲೆಕ್ಟರ್ ಕೈಯಲ್ಲಿ ಒಂದು ರಸೀದಿ ಪುಸ್ತಕ ಹಿಡಿದು, ಈಗೀಗ ಒಂದು ಸಣ್ಣ ಯಂತ್ರವನ್ನೂ ಹಿಡಿದು ಮನೆ ಮುಂದೆ ನಿಂತಾಗ ಅವನು ಕೇಳುವ ಹಣಕ್ಕಿಂತ ಮೊದಲು ಜನ ಅವನಿಗೆ ಲೆಕ್ಕ ಕೇಳುತ್ತಾರೆ. “ವಾರದಾಗ ಎರಡ ಸಲ ನೀರ ಬಿಡತೀರಿ, ಪಟ್ಟಿ ಮಾತ್ರ ಪೂರಾ ಬೇಕು ನಿಮಗ?” “ಕಂಬದ ಲೈಟು ಹೋಗಿ ತಿಂಗಳಾತು, ಯಾರ ಬಂದ ನೋಡ್ಯಾರ?” ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಲೈಟು ಹಾಕಿಸುವ ಅಧಿಕಾರ ಅವನದಲ್ಲ, ಬೈಗುಳ ಮಾತ್ರ ಅವನದು. ಕಬ್ಬಿನ ಬಿಲ್ಲು ಕೈಗೆ ಬರುವ ಕಾಲಕ್ಕೆ ಕಾದು ಮತ್ತೆ ಅದೇ ಮನೆಗೆ ಹೋಗುತ್ತಾನೆ. ಉತಾರ, ಅಂದರೆ ಆಸ್ತಿಯ ದಾಖಲೆ, ಬೇಕಾದಾಗ ಜನ ತಾವಾಗಿ ಬಂದು ಬಾಕಿ ತುಂಬುತ್ತಾರೆ ಎಂಬುದು ಅವನಿಗೆ ಗೊತ್ತು. ಆದರೆ ಉತಾರದ ಗರಜಿಲ್ಲದೆ, ಯಾರ ಒತ್ತಾಯವೂ ಇಲ್ಲದೆ ಒಂದು ಊರಿನ ಬಹುಪಾಲು ಮನೆಗಳು ವರ್ಷದೊಳಗೆ ಪಟ್ಟಿ ತುಂಬಿವೆ ಎಂದರೆ, ಆ ಊರಿನಲ್ಲಿ ನಳಕ್ಕೆ ನೀರು ಬಂದಿದೆ, ಕಂಬಕ್ಕೆ ದೀಪ ಬಂದಿದೆ, ಕಚೇರಿಯಲ್ಲಿ ಕೆಲಸ ಕೇಳಿದವರಿಗೆ ಮರ್ಯಾದೆಯ ಮಾತು ಸಿಕ್ಕಿದೆ ಎಂದೇ ತಿಳಿಯಬೇಕು. ಪ್ರಶಸ್ತಿ ಸಮಿತಿ ಅಂಕ ಹಾಕುವ ಮೊದಲೇ ಊರಿನವರು ರಸೀದಿ ಪುಸ್ತಕದಲ್ಲಿ ಅಂಕ ಹಾಕಿರುತ್ತಾರೆ.

ಪಂಚಾಯತಿ ನಡೆಸುವವರು ಯಾರು ಎಂಬುದನ್ನೂ ಒಮ್ಮೆ ನೋಡಬೇಕು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನರಿಗೆ ಒಬ್ಬ ಸದಸ್ಯ. ನಾನ್ನೂರು ಜನ ಎಂದರೆ ಒಂದೆರಡು ಓಣಿ. ಶಾಸಕರ ಮನೆ ದೂರ, ಸಂಸದರ ಮನೆ ಇನ್ನೂ ದೂರ. ಪಂಚಾಯತಿ ಸದಸ್ಯೆಯ ಮನೆ ಮಾತ್ರ ಬಾವಿಕಟ್ಟೆಯ ಪಕ್ಕದಲ್ಲೇ. ನೀರು ಬರದ ದಿನ ಬಾಗಿಲು ಬಡಿಯುವುದು ಅವಳದ್ದೇ. ಇಷ್ಟು ಹತ್ತಿರದಿಂದ ಜನಕ್ಕೆ ಉತ್ತರ ಹೇಳಬೇಕಾದ ಅಧಿಕಾರ ನಮ್ಮ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ. ಅದಕ್ಕೇ ಈ ಮಟ್ಟಕ್ಕೆ ಸಿಗುವ ಮನ್ನಣೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ತಾಲ್ಲೂಕಿಗೊಂದು ಎಂಬ ನಿಯಮದಿಂದ ಮೂಡಲಗಿಗೆ ಒಂದು ಲಾಭ ಆಯಿತು. ಮೂಡಲಗಿ ಬಹುಕಾಲ ಗೋಕಾಕ ತಾಲ್ಲೂಕಿನೊಳಗೇ ಇತ್ತು. ತಾಲ್ಲೂಕು ಬೇಕೆಂದು ಅಲ್ಲಿಯವರು ಬೀದಿಗಿಳಿದು ಹೋರಾಡಿದ ನಂತರ ಅದು ಪ್ರತ್ಯೇಕ ತಾಲ್ಲೂಕಾಯಿತು. ಮೊದಲು ಅತ್ತ ಘಟಪ್ರಭೆಯ ದಂಡೆಯ ಊರುಗಳು, ಇತ್ತ ಕಾಲುವೆ ನೀರಿನ ಊರುಗಳು, ಗೋಕಾಕದ ಗುಡ್ಡದ ಊರುಗಳು ಎಲ್ಲ ಒಂದೇ ಪುರಸ್ಕಾರಕ್ಕೆ ಪೈಪೋಟಿ ಮಾಡಬೇಕಿತ್ತು. ತಾಲ್ಲೂಕು ಒಡೆದಾಗ ಕಚೇರಿಗಳು ಹತ್ತಿರ ಬಂದವು, ತಹಶೀಲ್ದಾರರು ಹತ್ತಿರ ಬಂದರು ಎಂದು ಎಲ್ಲರೂ ಹೇಳುತ್ತಾರೆ. ಹಳ್ಳಿಯ ಪಂಚಾಯತಿ ಪಾಲಿಗೆ ಪೈಪೋಟಿಯ ಕಣವೂ ಚಿಕ್ಕದಾಯಿತು, ತನ್ನಂಥದೇ ನೆಲ, ತನ್ನಂಥದೇ ನೀರು ಇರುವ ನೆರೆಯ ಊರಿನ ಜೊತೆ ತೂಗಿ ನೋಡಿಕೊಳ್ಳುವಂತಾಯಿತು.

ಈ ಪೈಪೋಟಿಯ ಕಲ್ಪನೆ ನಮಗೆ ಬಂದದ್ದು ಬಹಳ ದೂರದಿಂದಲ್ಲ. ಹುಕ್ಕೇರಿ ತಾಲ್ಲೂಕಿನ ಗಡಿ ದಾಟಿದರೆ ಗಡಹಿಂಗ್ಲಜ, ಕೊಲ್ಹಾಪುರ ಜಿಲ್ಲೆ. 2000ದಲ್ಲಿ ಮಹಾರಾಷ್ಟ್ರ ಸರ್ಕಾರ ಸಂತ ಗಾಡಗೇಬಾಬಾ ಅವರ ಹೆಸರಿನಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನ ಶುರುಮಾಡಿತು. ಕೈಯಲ್ಲಿ ಕಸಬರಿಗೆ ಹಿಡಿದು ಊರೂರು ಗುಡಿಸಿ, ರಾತ್ರಿ ಕೀರ್ತನೆ ಮಾಡುತ್ತಿದ್ದ ಸಂತ ಅವರು. ಊರುಗಳ ನಡುವೆ ಸ್ಪರ್ಧೆ ಇಟ್ಟು ಗೆದ್ದವರಿಗೆ ಬಹುಮಾನ ಕೊಡುವ ಪದ್ಧತಿ ಅಲ್ಲಿ ಹಿಡಿಯಿತು. ಕೇಂದ್ರ ಸರ್ಕಾರ 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರ ಘೋಷಿಸಿತು, 2005ರಲ್ಲಿ ಮೊದಲ ಪುರಸ್ಕಾರಗಳನ್ನು ಕೊಟ್ಟಿತು. ಬಯಲು ಶೌಚದಿಂದ ಮುಕ್ತವಾದ ಪಂಚಾಯತಿಗೆ ದಿಲ್ಲಿಯ ಮನ್ನಣೆ ಸಿಗುವುದೆಂದರೆ ಆ ಕಾಲಕ್ಕೆ ದೊಡ್ಡ ಸುದ್ದಿ.

ಆದರೆ ಆ ಪುರಸ್ಕಾರದ ಕತೆಯಲ್ಲಿ ನೋವಿನ ಭಾಗವೂ ಇದೆ. ಪುರಸ್ಕಾರ ಬಂದ ಎಷ್ಟೋ ಊರುಗಳಲ್ಲಿ ಕೆಲವೇ ವರ್ಷಕ್ಕೆ ಜನ ಮತ್ತೆ ಬಯಲಿಗೆ ಹೋದರು. ಶೌಚಾಲಯ ಕಟ್ಟಿದರು, ನೀರು ಕೊಡಲಿಲ್ಲ. ಕಟ್ಟಿದ ಕೋಣೆಯಲ್ಲಿ ಕುಳ್ಳು, ಕಟ್ಟಿಗೆ ತುಂಬಿದವು. ಇದರಲ್ಲಿ ಜನರ ತಪ್ಪಿಗಿಂತ ನೋಡುವ ರೀತಿಯ ತಪ್ಪೇ ದೊಡ್ಡದು. ಪರೀಕ್ಷೆಯ ದಿನ ಊರು ಹೇಗಿತ್ತು ಎಂದಷ್ಟೇ ನೋಡಿದರೆ ಹೀಗೇ ಆಗುತ್ತದೆ. ಗಾಂಧಿ ಗ್ರಾಮ ಪುರಸ್ಕಾರದಂಥ ಮನ್ನಣೆ ವರ್ಷಪೂರ್ತಿಯ ಲೆಕ್ಕ, ಸಭೆ, ವಸೂಲಿಯ ಕಡೆ ಹೊರಳಿದ್ದು ಒಳ್ಳೆಯದಾಯಿತು. ಆದರೂ ಪುರಸ್ಕಾರ ಪಡೆದ ಪಂಚಾಯತಿಗೆ ಮೂರು ವರ್ಷ ಬಿಟ್ಟು ಅದೇ ತಂಡ ಮತ್ತೊಮ್ಮೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಗ ಹೋಗಿ ಮೊದಲು ತಿರುಗಿಸಿ ನೋಡಬೇಕಾದದ್ದು ಊರಿನ ಕಟ್ಟಕಡೆಯ ಮನೆಯ ನಳ.

ರಾಷ್ಟ್ರಮಟ್ಟದ ಪಂಚಾಯತಿ ಪ್ರಶಸ್ತಿಗಳೂ ಈಚೆಗೆ ಬದಲಾಗಿವೆ. ಈಗ ಆ ಪ್ರಶಸ್ತಿಗಳನ್ನು ಬಡತನ ನಿವಾರಣೆ, ಆರೋಗ್ಯ, ಮಕ್ಕಳ ಸ್ನೇಹಿ ಊರು, ನೀರು, ಸ್ವಚ್ಛತೆ ಮತ್ತು ಹಸಿರು, ಮೂಲಸೌಕರ್ಯ, ಸಾಮಾಜಿಕ ನ್ಯಾಯ, ಉತ್ತಮ ಆಡಳಿತ, ಮಹಿಳಾ ಸ್ನೇಹಿ ಊರು ಎಂಬ ಒಂಬತ್ತು ವಿಷಯಗಳ ಮೇಲೆ ಕೊಡುತ್ತಾರೆ.

ಹುಕ್ಕೇರಿಯ ಮಾತು ಬಂದಾಗ ಒಂದು ಸಂಸ್ಥೆಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಅದು ಪಂಚಾಯತಿ ಅಲ್ಲ, ಪುರಸಭೆಯೂ ಅಲ್ಲ. ಆದರೆ ಸಾರ್ವಜನಿಕ ಸೇವೆಯನ್ನು ಊರಿನವರೇ ನಡೆಸಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಅದಕ್ಕಿಂತ ಹಳೆಯ, ಗಟ್ಟಿಯಾದ ಸಾಕ್ಷಿ ಬೇರೆ ಇಲ್ಲ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ದೇಶದಲ್ಲಿ ಪ್ರಯೋಗಕ್ಕೆಂದು ಆಗ ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಇದೊಂದು. ಸುತ್ತಲ ತಾಲ್ಲೂಕುಗಳಿಗೆಲ್ಲ ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂ ಕರೆಂಟು ಕೊಟ್ಟರೆ, ಹುಕ್ಕೇರಿಯಲ್ಲಿ ಈ ಸಂಘ ಕೊಡುತ್ತದೆ. ಬಳಕೆದಾರರು ಅದರ ಸದಸ್ಯರು, ಸದಸ್ಯರು ಮತ ಹಾಕಿ ಆಡಳಿತ ಮಂಡಳಿ ಆರಿಸುತ್ತಾರೆ.

ಇದರ ಹಿರಿಮೆ ತಿಳಿಯಲು ಪಕ್ಕದ ಗೋಕಾಕವನ್ನು ನೆನೆಯಬೇಕು. ಘಟಪ್ರಭೆ 52 ಮೀಟರ್ ಧುಮುಕುವ ಗೋಕಾಕ ಜಲಪಾತದ ನೀರಿನ ಬಲದಿಂದ 1887ರಲ್ಲೇ ಅಲ್ಲಿನ ನೂಲಿನ ಗಿರಣಿ ಶುರುವಾಯಿತು. ನದಿಯ ಶಕ್ತಿ ಗಿರಣಿಯ ಚಕ್ರ ತಿರುವಿತು. ಅದೇ ನದಿಯ ಆಚೀಚೆಯ ಹಳ್ಳಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ದಶಕ ಚಿಮಣಿ, ಕಂದೀಲಿನ ಬೆಳಕೇ ಇತ್ತು. ಹೊಲದ ಪಂಪಿಗೆ, ಮನೆಯ ಬಲ್ಬಿಗೆ ಕರೆಂಟು ತರುವ ಕೆಲಸಕ್ಕೆ ಹುಕ್ಕೇರಿಯವರು ಸಹಕಾರಿ ಸಂಘ ಕಟ್ಟಿಕೊಂಡರು. ಆಗಿನ ಐದು ಸಂಘಗಳಲ್ಲಿ ಮಹಾರಾಷ್ಟ್ರದ ಮುಳಾ–ಪ್ರವರಾ 2011ರಲ್ಲಿ ಪರವಾನಗಿ ಕಳೆದುಕೊಂಡಿತು. ತೆಲಂಗಾಣದ ಸಿರ್ಸಿಲ್ಲ ಮತ್ತು ನಮ್ಮ ಹುಕ್ಕೇರಿ ಇಂದಿಗೂ ನಡೆದಿವೆ. ಐವತ್ತು ವರ್ಷ ದಾಟಿಯೂ ಕಂತು ಕಟ್ಟುವ ಜನ, ಕಂಬ ಹತ್ತುವ ಲೈನ್‌ಮನ್, ಚುನಾವಣೆಗೆ ನಿಲ್ಲುವ ನಿರ್ದೇಶಕ ಎಲ್ಲ ಒಂದೇ ತಾಲ್ಲೂಕಿನವರಾಗಿ ಉಳಿದಿದ್ದಾರೆ. ಇದನ್ನು ನಾನು ಯಾವ ಫಲಕಕ್ಕಿಂತಲೂ ಕಡಿಮೆಯೆಂದು ಎಣಿಸುವುದಿಲ್ಲ.

ಸ್ಥಳೀಯ ಸಂಸ್ಥೆಯ ನಿಜವಾದ ಪರೀಕ್ಷೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಿಗೆ ಉಕ್ಕಿದವು. ಗೋಕಾಕದ ಲೋಳಸೂರ ಸೇತುವೆ ಮುಳುಗಿತು, ಪೇಟೆಯೊಳಗೆ ನೀರು ಹೊಕ್ಕಿತು. ನದಿ ದಂಡೆಯ ಹಳ್ಳಿಗಳಿಂದ ಜನ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಬಂದರು. ಮಳೆ ಬಿಟ್ಟ ಮೇಲೂ ವಾರಗಟ್ಟಲೆ ಕೆಲಸ ಇತ್ತು. ಮನೆಯೊಳಗೆ ಮೊಣಕಾಲುದ್ದ ರಾಡಿ, ಸತ್ತ ಕೋಳಿ ಕುರಿ, ಕೆಸರು ತುಂಬಿದ ಬಾವಿ. ಪೇಟೆಯಲ್ಲಿ ಪೌರಕಾರ್ಮಿಕರು, ಹಳ್ಳಿಗಳಲ್ಲಿ ಪಂಚಾಯತಿಯ ನೌಕರರು ಸಲಿಕೆ, ಬ್ಲೀಚಿಂಗ್ ಪುಡಿ ಹಿಡಿದು ಓಣಿಗಿಳಿದರು. ಅವರಲ್ಲಿ ಎಷ್ಟೋ ಜನರ ಮನೆಯೂ ಅದೇ ನೀರಿನಲ್ಲಿ ಇತ್ತು. ಸೆಪ್ಟೆಂಬರ್ 23ರಂದು ನಾವು ಪೌರಕಾರ್ಮಿಕರ ದಿನ ಆಚರಿಸಿ ಹಾರ ಹಾಕುತ್ತೇವೆ, ಅದು ಆಗಬೇಕು. ಆ ಆಗಸ್ಟ್ ತಿಂಗಳ ಕೆಲಸಕ್ಕೆ ಅಂಕ ಹಾಕುವ ಪ್ರಶ್ನಾವಳಿಯನ್ನು ಯಾರಾದರೂ ಹೇಗೆ ಬರೆದಾರು?

ಅಂಕ, ಪ್ರಶ್ನಾವಳಿ ಯಾವುದೂ ಇಲ್ಲದೆ ಜನರೇ ಕೊಟ್ಟ ಒಂದು ಬಿರುದೂ ಕರ್ನಾಟಕದಲ್ಲಿದೆ. ರಾಮಕೃಷ್ಣ ಹೆಗಡೆ ಅವರ ಸಂಪುಟದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್, ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳಿಗೆ ನಿಜವಾದ ಅಧಿಕಾರ ಕೊಟ್ಟ ಕಾನೂನಿನ ಹಿಂದೆ ನಿಂತರು. ಆ ಕಾನೂನಿನಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಮೀಸಲು ಸಿಕ್ಕಿತು. ಜನ ಅವರನ್ನು ‘ನೀರ್ ಸಾಬ್’ ಎಂದರು. ಯಾವ ಸಮಿತಿಯೂ ಕೂತು ತೀರ್ಮಾನಿಸಿದ ಹೆಸರಲ್ಲ ಅದು. ಅವರು ತೀರಿಕೊಂಡು ಇಷ್ಟು ವರ್ಷಗಳಾದರೂ ಹ್ಯಾಂಡ್‌ಪಂಪಿನ ಪಕ್ಕ ನಿಂತ ಹಿರಿಯರ ಬಾಯಿಗೆ ಆ ಹೆಸರು ಇನ್ನೂ ಬರುತ್ತದೆ.

ಇನ್ನು ಆ 5 ಲಕ್ಷ ರೂಪಾಯಿಯ ಮಾತು. ಒಂದು ಪಂಚಾಯತಿಗೆ ಅದು ಬಹಳ ದೊಡ್ಡ ಹಣವಲ್ಲ. ಅಡ್ಡ ಓಣಿಗೊಂದು ಚರಂಡಿ, ಇಲ್ಲವೇ ಗ್ರಂಥಾಲಯಕ್ಕೆ ಕುರ್ಚಿ ಮೇಜು ಪುಸ್ತಕ, ಇಲ್ಲವೇ ಶಾಲೆಗೆ ಕುಡಿಯುವ ನೀರು. ಅದು ಎಲ್ಲಿಗೆ ಹೋಯಿತೆಂದು ತಿಳಿಯಲು ದೂರ ಹೋಗಬೇಕಿಲ್ಲ. ಪ್ರತಿ ವರ್ಷ ಪಂಚಾಯತಿಯಲ್ಲಿ ಜಮಾಬಂಧಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ ಎಷ್ಟು, ಖರ್ಚು ಎಷ್ಟು, ಯಾವ ಕಾಮಗಾರಿಗೆ ಎಷ್ಟು ಎಂದು ಜನರ ಮುಂದೆ ಓದಬೇಕು, ಕೇಳಿದವರಿಗೆ ಪುಸ್ತಕ ತೋರಿಸಬೇಕು, ಕಾಮಗಾರಿ ನಡೆದ ಜಾಗಕ್ಕೆ ಹೋಗಿ ನೋಡಬೇಕು. ಅವತ್ತು ಕಚೇರಿಯ ಅಂಗಳದಲ್ಲಿ ಜಮಖಾನೆ ಹಾಸಿರುತ್ತಾರೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಿಂತು ಓದುತ್ತಾರೆ, ಹಿಂದೆ ಬಾಗಿಲ ಹತ್ತಿರ ಬಿಲ್ ಕಲೆಕ್ಟರ್, ವಾಟರ್‌ಮನ್ ನಿಂತಿರುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಯಾರೋ ಒಬ್ಬಾಕೆ ಸೆರಗು ಸರಿಮಾಡಿಕೊಂಡು ಎದ್ದು, “ಪುಸ್ತಕ ಈ ಕಡೆ ಕೊಡ್ರಿ, ನಾನೂ ಒಮ್ಮೆ ನೋಡ್ತೀನಿ” ಅಂದರೆ, ಪುಸ್ತಕ ಕೈಯಿಂದ ಕೈಗೆ ದಾಟುತ್ತ ಆಕೆಯ ಹತ್ತಿರ ಬರುತ್ತದೆ.