ಒಂಬತ್ತು ಪ್ರಶ್ನೆಗಳು, ಒಂದು ಮುಚ್ಚಿದ ಬಾಗಿಲು

ಹದಿನೈದರ ಹರೆಯದ ಮಗ ತಟ್ಟೆಯಲ್ಲಿ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರೆ, ಆಡಿದ ಮಾತಿಗೆಲ್ಲ ಸಿಡುಕಿದರೆ, ಅದು ಪ್ರಾಯದ ಗುಣವೆಂದೋ ಪರೀಕ್ಷೆಯ ಭಯವೆಂದೋ ಮನೆಯವರು ಸುಮ್ಮನಾಗುವುದುಂಟು. ಹೆಚ್ಚಿನ ವೇಳೆ ಅವರ ಊಹೆ ಸರಿಯೇ. ಆದರೆ ಎರಡು ವಾರ ಕಳೆದರೂ ಆ ಸಿಡುಕು ಇಳಿಯದೆ ನಿದ್ದೆ, ಹಸಿವು, ಓದು, ಗೆಳೆತನಗಳನ್ನೆಲ್ಲ ಆವರಿಸಿದರೆ ಅದು ಖಿನ್ನತೆ ಎಂಬ ಕಾಯಿಲೆಯಾಗಿರಬಹುದು. ಹಿರಿಯರಲ್ಲಿ ಸಾಮಾನ್ಯವಾಗಿ ದುಃಖವಾಗಿ ತೋರುವ ಈ ಕಾಯಿಲೆ ಎಳೆಯರಲ್ಲಿ ಅನೇಕ ವೇಳೆ ಕೋಪದ ರೂಪದಲ್ಲಿ ಬರುತ್ತದೆ. ಅದನ್ನು ವಿಶ್ವಾಸದ ಕೊರತೆಯೆಂದು ಬಗೆದು ಮಗುವನ್ನು ಗದರಿಸುವವರೂ ನಮ್ಮಲ್ಲಿ ಇಲ್ಲದಿಲ್ಲ.

ಹೆತ್ತವರ ಕಣ್ಣಿಗೆ ಬೀಳದ ಇದನ್ನು ಕೇಳಿಯೇ ತಿಳಿಯಬೇಕೆಂದು ಅಮೆರಿಕದ ತಜ್ಞರ ಕಾರ್ಯಪಡೆಯೊಂದು 2009ರಲ್ಲಿ ಶಿಫಾರಸು ಮಾಡಿತು. 12ರಿಂದ 18 ವರ್ಷದವರೆಲ್ಲರನ್ನೂ ಖಿನ್ನತೆಗಾಗಿ ತಪಾಸಣೆ ಮಾಡಬೇಕು; ಆದರೆ ರೋಗನಿರ್ಣಯ, ಚಿಕಿತ್ಸೆ ಹಾಗೂ ಮುಂದಿನ ಆರೈಕೆಗೆ ವ್ಯವಸ್ಥೆ ಇರುವಲ್ಲಿ ಮಾತ್ರ ಎಂಬುದು ಅದರ ಷರತ್ತು. 2016 ಮತ್ತು 2022ರಲ್ಲಿಯೂ ತಪಾಸಣೆಯ ಸಲಹೆಯನ್ನು ಎತ್ತಿಹಿಡಿಯಲಾಯಿತು.

ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲಿ ಇರುವುದು ಒಂಬತ್ತೇ ಪ್ರಶ್ನೆಗಳು. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲಿಯೂ ಆಸಕ್ತಿ ಇರಲಿಲ್ಲವೇ, ನಿದ್ದೆ ಕೆಟ್ಟಿತೇ, ತಾನು ಸೋತವನು ಎನಿಸಿತೇ ಎಂಬಂಥವು. ಪ್ರತಿ ಉತ್ತರಕ್ಕೆ ಸೊನ್ನೆಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಮುಟ್ಟಿದರೆ ವೈದ್ಯರು ಮುಂದಿನ ವಿಚಾರಣೆಗೆ ತೊಡಗುತ್ತಾರೆ. ಒಂಬತ್ತನೆಯದು ಸಾವಿನ ಯೋಚನೆಯನ್ನು ಕುರಿತದ್ದು. ಅದಕ್ಕೆ 'ಹೌದು' ಎಂಬ ಛಾಯೆಯ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಆ ದಿನವೇ ಮಗುವಿನೊಡನೆ ಮಾತನಾಡಬೇಕು. ಹೀಗೆ ಕೇಳುವುದರಿಂದಲೇ ಸಾಯುವ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಸಂಶೋಧನೆಗಳು ಅದನ್ನು ಸಮರ್ಥಿಸಿಲ್ಲ.

ಅಂಕ ಹೆಚ್ಚಾದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಬೇಸರದ ವಾರವೊಂದು ಕೂಡ ಅಂಕವನ್ನು ಏರಿಸೀತು. ಪ್ರಶ್ನಾವಳಿ ಬಾಗಿಲು ತಟ್ಟುತ್ತದೆ, ಅಷ್ಟೆ. ಒಳಗಿರುವುದನ್ನು ಅರಿಯಲು ತರಬೇತಿ ಪಡೆದವರು ಎದುರು ಕುಳಿತು ಕೇಳಬೇಕು.

ಹೆತ್ತವರ ಒಪ್ಪಿಗೆಯ ಪ್ರಶ್ನೆಯೂ ಸಣ್ಣದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಅಮೆರಿಕದ ಶಾಲೆಗಳಿಗೆ ಹಬ್ಬಿದ 'ಟೀನ್‌ಸ್ಕ್ರೀನ್' ಯೋಜನೆಯ ಮೇಲೆ, ಹೆತ್ತವರು ಬೇಡವೆನ್ನದಿದ್ದರೆ ಒಪ್ಪಿದಂತೆಯೇ ಎಂದು ಕೆಲವೆಡೆ ಭಾವಿಸಲಾಯಿತೆಂಬ ಆಕ್ಷೇಪ ಎದ್ದಿತು. 2012ರಲ್ಲಿ ಯೋಜನೆ ನಿಂತಿತು. ಆಕ್ಷೇಪ ನ್ಯಾಯವಾದದ್ದೇ. ಆದರೂ ತಾಯಿಯ ಮುಂದೆ ಕುಳಿತ ಹುಡುಗಿ ಒಂಬತ್ತನೆಯ ಪ್ರಶ್ನೆಗೆ ನಿಜ ಹೇಳುವಳೇ? ಒಪ್ಪಿಗೆ ಹೆತ್ತವರದಾಗಲಿ, ಉತ್ತರಿಸುವ ಹೊತ್ತು ಮಾತ್ರ ಮಗುವಿನದಾಗಲಿ ಎಂಬುದು ಈ ಲೇಖಕನ ಅಭಿಪ್ರಾಯ.

ನಮ್ಮಲ್ಲಿ 2022ರ ಅಕ್ಟೋಬರ್‌ನಿಂದ 'ಟೆಲಿ ಮಾನಸ್' ಸೇವೆ ದೊರೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. 14416ಕ್ಕೆ ಹಗಲಿರುಳೆನ್ನದೆ, ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗುವಿನ ಬಗ್ಗೆ ಕಳವಳಗೊಂಡ ಹೆತ್ತವರೂ ಕರೆ ಮಾಡಬಹುದು.